ಹೀರೋ ಜಾಕೆಟ್ ಅಂಗಡಿಯಿಂದ ಈಗಷ್ಟೇ ತಂದಂತೆ ಕಾಣಬಾರದಾ?

ಸಾಹಸ ಚಿತ್ರದ ಹೀರೋಗೆ ಚರ್ಮದ ಜಾಕೆಟ್ ಕೊಡುವ ಮುಂಚೆ ತಂತಿ ಬ್ರಷ್ ಹಿಡಿದು ಉಜ್ಜಿ. ಎಲ್ಲ ಕಡೆ ಅಲ್ಲ. ಮೊಣಕೈ, ಜೇಬಿನ ಬಾಯಿ, ತೋಳಿನ ತುದಿ, ಕಾಲರ್ ಮಡಿಕೆ, ಇಷ್ಟೇ ಸಾಕು. ಬಣ್ಣ ಹೆಚ್ಚಾಗಿ ಮೇಲ್ಪದರದಲ್ಲೇ ಇರುತ್ತದೆ, ಅದು ಸವೆದರೆ ಕೆಳಗಿನ ತಿಳಿ ಬಣ್ಣ ಇಣುಕುತ್ತದೆ. ಕೈ ತಾಗುವ ಜಾಗದಲ್ಲೇ ಸವೆದಿದ್ದರೆ ಈ ಮನುಷ್ಯ ಇದನ್ನು ವರ್ಷಗಟ್ಟಲೆ ಹಾಕಿದ್ದಾನೆ ಅಂತ ಕಣ್ಣು ತಾನಾಗಿಯೇ ನಂಬುತ್ತದೆ. 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ಗೆ ವಸ್ತ್ರವಿನ್ಯಾಸಕಿ ಡೆಬೊರಾ ನಡೂಲ್ಮನ್ ಹೀರೋ ಇಂಡಿಯಾನಾ ಜೋನ್ಸ್‌ನ ಜಾಕೆಟ್‌ಗಳನ್ನು ಹೀಗೇ ಹಳತು ಮಾಡಿದ್ದರು, ಉಕ್ಕಿನ ಬ್ರಷ್ ಜೊತೆಗೆ ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಅವರದೇ ಜೇಬುಚಾಕು! ರೆಕ್ಸಿನ್ ಜಾಕೆಟ್ ಮೇಲೆ ಮಾತ್ರ ಇದು ನಡೆಯಲ್ಲ. ಪದರ ಕಿತ್ತು ಒಳಗಿನ ಬಟ್ಟೆ ಕಾಣುತ್ತದೆ, ಹಳೇ ಬೈಕ್ ಸೀಟಿನ ಥರ. ಫೈಟ್ ಸೀನಿಗೆ ಒಂದೇ ಥರದ ನಾಲ್ಕೈದು ಜಾಕೆಟ್ ಇದ್ದರೆ ಮೊದಲು ಉಜ್ಜಿದ್ದರ ಫೋಟೊ ತೆಗೆದಿಟ್ಟುಕೊಂಡು, ಅದನ್ನು ನೋಡಿ ಉಳಿದವನ್ನು ಉಜ್ಜಿ. ಇಲ್ಲದಿದ್ದರೆ ಒಂದೇ ಹೊಡೆದಾಟದಲ್ಲಿ ಮೊಣಕೈ ಸವೆತ ಶಾಟ್‌ನಿಂದ ಶಾಟ್‌ಗೆ ಜಾಗ ಬದಲಾಯಿಸುತ್ತದೆ.