ತೋಟದಾಚೆಯ ಗೋದಾಮಿಗೆ ನೆಟ್‌ವರ್ಕ್: ಬ್ರಿಡ್ಜ್ ಒಂದೇ ಸಾಲಲಿಲ್ಲ

ಕಚೇರಿಗೂ ಗೋದಾಮಿಗೂ ನಡುವೆ ರೌಟರ್ ಹಾಕಿದರೆ ಗೋದಾಮಿನ ಬಿಲ್ಲಿಂಗ್ ತಂತ್ರಾಂಶಕ್ಕೆ ಕಚೇರಿಯ ಸರ್ವರ್ ಸಿಗುವುದೇ ಇಲ್ಲ ಎಂದು ತಲೆಯಾಡಿಸಿದವರು ಈಗ ಗೋದಾಮಿನಲ್ಲಿ ಕುಳಿತು ಅದರಲ್ಲೇ ಬಿಲ್ ಹರಿಯುತ್ತಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಬಂತು.

ನಮ್ಮ ಸಂಘದ ಕಚೇರಿಯಿಂದ ಅಡಿಕೆ ಗೋದಾಮಿಗೆ ಸುಮಾರು ಒಂದೂವರೆ ಕಿಲೋಮೀಟರ್. ನಡುವೆ ತೋಟ, ಹಳ್ಳ. ಫೈಬರ್ ಎಳೆಯಲು ಎರಡು ಲಕ್ಷದ ಹತ್ತಿರ ಕೇಳಿದರು. 5 ಗಿಗಾಹರ್ಟ್ಸ್ ರೇಡಿಯೊ ಜೋಡಿ 13,000 ರೂಪಾಯಿಯ ಒಳಗೆ ಬಂತು. ಕೂರಿಸಿದ ಗುತ್ತಿಗೆದಾರರ ಪ್ರಕಾರ ಎದುರಿನ ಕಂಬ ಕಣ್ಣಿಗೆ ಕಂಡರೆ ಸಾಕಿತ್ತು. ಬೇಸಿಗೆಯಲ್ಲಿ ಮೈನಸ್ 60 ಡಿಬಿಎಂ (ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ) ಆಸುಪಾಸಿನಲ್ಲಿದ್ದ ಸಿಗ್ನಲ್, ಸೋಗೆ ನೆನೆದದ್ದೇ ತಡ, ಮೈನಸ್ 80ಕ್ಕೆ ಜಾರಿತು. ಮಳೆಯನ್ನು ಬೈದು ಪ್ರಯೋಜನವಿಲ್ಲ. ಇಷ್ಟು ದೂರಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ. ರೇಡಿಯೊ ಅಲೆ ಹರಡಿಕೊಂಡು ಸಾಗುವುದರಿಂದ ನಡುಹಾದಿಯಲ್ಲಿ ನೇರ ಗೆರೆಯ ಸುತ್ತ ನಾಲ್ಕು ಮೀಟರಿಗೂ ಮಿಕ್ಕಿ ತೆರವಿರಬೇಕು, ಅಲ್ಲಿ ಮರಗಳ ತಲೆ ನುಗ್ಗಿತ್ತು. ಎರಡೂ ಕಡೆ ಜಿಐ ಪೈಪ್ ಏರಿಸಿ ರೇಡಿಯೊಗಳನ್ನು ಎತ್ತರಿಸಿದೆ. ವೆಲ್ಡಿಂಗ್ ಸೇರಿ ಏಳೆಂಟು ಸಾವಿರ.

ಸಿಗ್ನಲ್ ಸರಿಹೋದ ಮೇಲೆ ನಿಜವಾದ ಕಾಟ ಶುರುವಾಯಿತು. ರೇಡಿಯೊಗಳು ಬ್ರಿಡ್ಜ್ ಆಗಿದ್ದವು, ಅಂದರೆ ಎರಡೂ ಕಡೆಯನ್ನು ಒಂದೇ ನೆಟ್‌ವರ್ಕ್ ಆಗಿ ಬೆಸೆದಿದ್ದವು. ಎರಡೂ ಕಡೆ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ಸೇವೆ), ಎರಡೂ ಕಡೆ 192.168.1.1 ಎಂಬ ಒಂದೇ ವಿಳಾಸ. ಗೋದಾಮಿನಲ್ಲಿ ಯಾರೋ ಒಂದೇ ಕೇಬಲ್‌ನ ಎರಡು ತುದಿಗಳನ್ನೂ ಅಗ್ಗದ ಸ್ವಿಚ್ಚಿಗೆ ಚುಚ್ಚಿದರು. ದತ್ತಾಂಶ ಅಲ್ಲೇ ಗಿರಕಿ ಹೊಡೆದು ಎರಡೂ ಕಡೆ ತುಂಬಿಕೊಂಡಿತು, ಇಲ್ಲಿ ಕಚೇರಿಯ ಕೌಂಟರ್ ಮಧ್ಯಾಹ್ನದವರೆಗೆ ಬಂದ್.

ರೇಡಿಯೊಗಳನ್ನು ಬ್ರಿಡ್ಜ್ ಆಗಿಯೇ ಬಿಟ್ಟು, ಎರಡು ತುದಿಗೂ ಒಂದೊಂದು ಮೈಕ್ರೋಟಿಕ್ ರೌಟರ್ ಇಟ್ಟೆ. ತಲಾ ಐದು ಸಾವಿರ ಚಿಲ್ಲರೆ. ಕಚೇರಿಗೆ 10ರ ಸಬ್‌ನೆಟ್ (ತನ್ನದೇ ವಿಳಾಸಗಳ ಗುಂಪು), ಗೋದಾಮಿಗೆ 20ರದು, ನಡುವಿನ ಕೊಂಡಿಗೆ ಎರಡೇ ವಿಳಾಸದ ಒಂದು /30, ಆಚೆಗೆ ದಾರಿ ತೋರಲು ಕೈಯಾರೆ ಬರೆದ ಎರಡು ಸ್ಟ್ಯಾಟಿಕ್ ರೂಟ್. ನ್ಯಾಟ್ (ದಾಟುವಾಗ ವಿಳಾಸ ಬದಲಿಸುವ ವ್ಯವಸ್ಥೆ) ಬೇಡವೇ ಬೇಡ. ಹಳೆಯ ಕಂಪ್ಯೂಟರಿಗೆ ಎರಡು ಲ್ಯಾನ್ ಕಾರ್ಡ್ ಹಾಕಿ ಲಿನಕ್ಸ್ ರೌಟರ್ ಮಾಡಿಯೂ ನೋಡಿದ್ದೆ. ಚೆನ್ನಾಗಿಯೇ ಓಡಿತು, ನಮ್ಮೂರಿನ ಕರೆಂಟು ಅದರ ಹಾರ್ಡ್ ಡಿಸ್ಕ್ ತಿನ್ನುವವರೆಗೆ.

ಬಿಲ್ಲಿಂಗ್ ನಿಂತದ್ದು ನಿಜ. ಆದರೆ ತಪ್ಪು ರೌಟರಿನದಲ್ಲ. ಸರ್ವರ್‌ನ ವಿಂಡೋಸ್ ಫೈರ್‌ವಾಲ್ ಫೈಲ್ ಹಂಚಿಕೆಯನ್ನು ಸ್ವಂತ ಸಬ್‌ನೆಟ್ಟಿಗಷ್ಟೇ ಬಿಟ್ಟಿತ್ತು. ಆ ನಿಯಮಕ್ಕೆ 20ರ ಸಬ್‌ನೆಟ್ ಸೇರಿಸಿ, ಸರ್ವರ್‌ನ ಹೆಸರಿನ ಬದಲು ಐಪಿ ವಿಳಾಸದಿಂದಲೇ ಅದರ ಡ್ರೈವ್ ಜೋಡಿಸಿದೆ. ಮುಗಿಯಿತು. ಕ್ಯಾಮೆರಾಗಳ ರೆಕಾರ್ಡರನ್ನು ಗೋದಾಮಿನಲ್ಲೇ ಉಳಿಸಿದ್ದೇನೆ. ನೋಡಬೇಕೆಂದಾಗ ಮಾತ್ರ ಚಿತ್ರ ಈ ಕಡೆ ಬರುತ್ತದೆ. ಆಗಲೂ ಬಿಲ್ ತಡವಾಗದಂತೆ ಕ್ಯೂ (ಯಾವುದು ಮೊದಲು ಹೋಗಬೇಕೆಂಬ ಸರದಿ) ಹೇಗೆ ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪಕ್ಕದ ಸಂಘದವರು ಇದೇ ಕೆಲಸಕ್ಕೆ ಕರೆದಿದ್ದಾರೆ.

ಒಟ್ಟು ಖರ್ಚು ಮೂವತ್ತೈದು ಸಾವಿರ ದಾಟಿಲ್ಲ. ಮೇ ತಿಂಗಳ ಸಿಡಿಲಿಗೆ ಒಂದು ಪಿಒಇ ಅಡಾಪ್ಟರ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ರೇಡಿಯೊಗೆ ಕರೆಂಟು ಕೊಡುವುದು) ಹೋಯಿತು. ಬಿಡಿ ಅಡಾಪ್ಟರ್ ಕಪಾಟಿನಲ್ಲಿತ್ತು, ಗುಮಾಸ್ತರೇ ಬದಲಾಯಿಸಿದರು.