ಸೊನ್ನೆಗೆ ಬಂದರೂ ನಿಲ್ಲದ ಮೋಟರ್

ಶಿಕಾಗೋ ಹತ್ತಿರದ ನಮ್ಮ ಮನೆಯ ನೆಲಮಾಳಿಗೆಗೆ ಅದನ್ನು ಇಳಿಸುವಷ್ಟರಲ್ಲಿ ನಾಲ್ಕು ಜನರ ಸೊಂಟ ಬಿದ್ದುಹೋಗಿತ್ತು. ಗಾಟ್‌ಲೀಬ್ ಕಂಪನಿಯ ‘ಅಟ್ಲಾಂಟಿಸ್’, 1975ರ ಪಿನ್‌ಬಾಲ್, ಅಂದರೆ ಗಾಜಿನ ಕೆಳಗೆ ಉಕ್ಕಿನ ಚೆಂಡು ಹೊಡೆದು ಅಂಕ ಗಳಿಸುವ ಆಟದ ಯಂತ್ರ. ಕಡಲಲ್ಲಿ ಮುಳುಗಿದ ಊರಿನ ಕಥೆ. ಒಳಗೆ ಒಂದು ಚಿಪ್ ಕೂಡ ಇಲ್ಲ. ಲೆಕ್ಕ, ಸರದಿ, ಬೋನಸ್ ಎಲ್ಲ ರಿಲೇಗಳದು (ಕರೆಂಟ್ ಬಂದಾಗ ಅಯಸ್ಕಾಂತದಂತೆ ಎಳೆದು ಸ್ವಿಚ್ ಬದಲಿಸುವ ಸಾಧನ), ಸ್ವಿಚ್‌ಗಳದು ಮತ್ತು ಒಂದು ಮೋಟರ್‌ನದು.

ಸ್ಟಾರ್ಟ್ ಗುಂಡಿ ಒತ್ತಿದೆ. ಅಂಕೆಯ ಚಕ್ರಗಳು ಟಕಟಕ ಅಂತ ಸೊನ್ನೆಗೆ ಬಂದವು. ಮೋಟರ್ ಮಾತ್ರ ನಿಲ್ಲಲಿಲ್ಲ, ಗರಗರ ತಿರುಗುತ್ತಲೇ ಇತ್ತು. ಚೆಂಡೂ ಹೊರಗೆ ಬರಲಿಲ್ಲ.

ಸ್ವಿಚ್‌ಗಳಿಗೆ ಕೊಳೆ ಹಿಡಿದಿರಬೇಕು ಅಂದುಕೊಂಡೆ. ಅಪ್ಪ ತಮ್ಮ ಹಳೇ ಸ್ಕೂಟರ್‌ನ ಪಾಯಿಂಟ್ ಅನ್ನು (ಎಂಜಿನ್ನಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್) ಉಪ್ಪು ಕಾಗದದಲ್ಲಿ ಉಜ್ಜಿ ಸೆಟ್ ಮಾಡುತ್ತಿದ್ದರು. ಇಲ್ಲಿರುವುದೂ ಅದೇ ಜಾತಿಯ ಕಾಂಟ್ಯಾಕ್ಟ್, ಆದರೆ ತುದಿ ಬೆಳ್ಳಿಯದು. ಉಪ್ಪು ಕಾಗದ ತಿಕ್ಕಿದರೆ ಬೇಗ ಸವೆದುಹೋಗುತ್ತದೆ. ತೆಳು ಅರದಿಂದ ಒಂದೆರಡು ಸಲ ಎಳೆದರೆ ಸಾಕು. ಎಣ್ಣೆ ಸ್ಪ್ರೇ ಅಂತೂ ಬೇಡವೇ ಬೇಡ, ಕಿಡಿ ಹಾರುವ ಜಾಗ ಅದು.

ನಾನು ಮೂರು ಸಂಜೆ ಕಂಡ ಕಂಡ ಸ್ವಿಚ್ ಉಜ್ಜಿದೆ. ಏನೂ ಆಗಲಿಲ್ಲ. ಕೊನೆಗೆ ಸರ್ಕ್ಯೂಟ್ ನಕ್ಷೆ ಹರಡಿಕೊಂಡು ಕೂತೆ. ಮೊದಲೇ ಮಾಡಬೇಕಿತ್ತು, ಅಲ್ವಾ? ಪ್ರತಿ ಅಂಕೆಯ ಚಕ್ರದ ಹಿಂದೆ ಸೊನ್ನೆ ಬಂದಾಗ ತೆರೆದುಕೊಳ್ಳುವ ಸ್ವಿಚ್ ಇರುತ್ತದೆ. ಎಲ್ಲವೂ ತೆರೆದರೆ ಮಾತ್ರ ಚಕ್ರಗಳನ್ನು ಸೊನ್ನೆಗೆ ತರುವ ರೀಸೆಟ್ ರಿಲೇ ಹಿಡಿತ ಬಿಡುತ್ತದೆ, ಆಮೇಲೆ ಮೋಟರ್ ನಿಲ್ಲುತ್ತದೆ. ಅಂದರೆ ತೊಂದರೆ ಕೊಳೆಯದ್ದಲ್ಲ. ಯಾವುದೋ ಸ್ವಿಚ್ ತೆರೆಯುತ್ತಿಲ್ಲ.

ಪ್ಲಗ್ ಕಿತ್ತೆ. ಒಂದು ಚಕ್ರದ ಸ್ವಿಚ್ ತೆರೆದಂತಾಗಲಿ ಅಂತ ಅದರ ಎರಡು ಲೋಹದ ಎಲೆಗಳ ನಡುವೆ ವಿಸಿಟಿಂಗ್ ಕಾರ್ಡಿನ ಚೂರು ಸಿಕ್ಕಿಸಿ ಮತ್ತೆ ಕರೆಂಟ್ ಕೊಟ್ಟೆ. ಮೋಟರ್ ತಿರುಗುತ್ತಲೇ ಇತ್ತು. ಮತ್ತೆ ಪ್ಲಗ್ ಕಿತ್ತು ಎರಡನೆಯದಕ್ಕೆ ಇಟ್ಟೆ, ಅದೂ ಇಲ್ಲ. ಮೂರನೆಯದಕ್ಕೆ ಇಟ್ಟು ಸ್ಟಾರ್ಟ್ ಒತ್ತಿದಾಗ ಮೋಟರ್ ಒಂದು ಸುತ್ತು ಹೋಗಿ ನಿಂತಿತು! ಚೆಂಡು ಟಣ್ ಅಂತ ಹೊರಗೆ ಬಂತು.

ನೂರರ ಚಕ್ರದ ಸ್ವಿಚ್ ಅದು. ನೋಡಿದರೆ ಒಂದು ಎಲೆ ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು. ಬಗ್ಗಿಸಿದ್ದು ಬೇರಾರೂ ಅಲ್ಲ. ಮೊದಲ ಸಂಜೆ, ಇನ್ನೂ ಸ್ಟಾರ್ಟ್ ಒತ್ತುವ ಮೊದಲೇ, ‘ಸ್ವಲ್ಪ ಬಿಗಿಯಾಗಿರಲಿ’ ಅಂತ ಸುಮ್ನೆ ಕೈಯಾಡಿಸಿದ್ದು ನಾನೇ. ಸರಿ ಮಾಡಲು ಎರಡು ನಿಮಿಷ ಸಾಕಾಯಿತು.

ಈಗ ಯಂತ್ರದೊಳಗೆ ಟಿಣ್ ಅನ್ನುವ ಮೂರು ಗಂಟೆಗಳಲ್ಲಿ ಒಂದು ಸರಿಯಾಗಿ ಬಾರಿಸುತ್ತಿಲ್ಲ. ಮಗಳು ಅದನ್ನೂ ಬಿಚ್ಚೋಣ ಅನ್ನುತ್ತಾಳೆ. ಮೊದಲು ನಕ್ಷೆ ತಾ ಅಂದಿದ್ದೇನೆ.