ರೇಡಿಯೇಟರ್ ಹಿಂದಿನ ಪ್ರತಿಫಲಕ ಹಾಳೆ: ಯಾವ ಗೋಡೆಗೆ ಪ್ರಯೋಜನ?

ಕೋಣೆ ಬೆಚ್ಚಗಿಡಲು ಗೋಡೆಯ ಪಕ್ಕ ಅಳವಡಿಸುವ ರೇಡಿಯೇಟರ್ (ಬಿಸಿನೀರು ಹರಿಯುವ ಲೋಹದ ಫಲಕ) ಹಿಂದೆ ಶಾಖವನ್ನು ಮರಳಿಸುವ ಪ್ರತಿಫಲಕ ಹಾಳೆ ಹಾಕಿದರೆ ಮನೆ ಬೆಚ್ಚಗಿಡುವ ಖರ್ಚು ಉಳಿಯುತ್ತದೆಯೇ ಎಂಬುದು ಮುಖ್ಯವಾಗಿ ಅದರ ಹಿಂದಿರುವ ಗೋಡೆಯನ್ನು ಅವಲಂಬಿಸಿದೆ. ಶಾಖನಿರೋಧಕವಿಲ್ಲದ ಹೊರಗೋಡೆಯಾಗಿದ್ದರೆ, ರೇಡಿಯೇಟರಿನ ಬೆನ್ನಿನಿಂದ ಹೊಮ್ಮುವ ಶಾಖವನ್ನು ಗೋಡೆ ಹೀರಿಕೊಂಡು ಹೊರಕ್ಕೆ ದಾಟಿಸುತ್ತಲೇ ಇರುತ್ತದೆ. ಹಾಳೆಯ ಹೊಳಪಿನ ಅಲ್ಯೂಮಿನಿಯಂ ತನ್ನ ಮೇಲೆ ಬೀಳುವ ಅತಿಗೆಂಪು ಕಿರಣಗಳಲ್ಲಿ (ಶಾಖವನ್ನು ಹೊತ್ತೊಯ್ಯುವ ಕಣ್ಣಿಗೆ ಕಾಣದ ಕಿರಣಗಳು) ಶೇ. 90ಕ್ಕೂ ಹೆಚ್ಚಿನ ಭಾಗವನ್ನು ಹಿಂದಕ್ಕೆ ಮರಳಿಸುವುದರಿಂದ ಈ ನಷ್ಟ ತಗ್ಗುತ್ತದೆ. ಆದರೆ ಬಿಲ್ಲಿನಲ್ಲೂ ಅಷ್ಟೇ ಉಳಿತಾಯವಾಗುತ್ತದೆಂದು ದಯವಿಟ್ಟು ಭಾವಿಸಬೇಡಿ, ಏಕೆಂದರೆ ಮನೆಯ ಒಟ್ಟು ಶಾಖನಷ್ಟದಲ್ಲಿ ಆ ತುಂಡು ಗೋಡೆಯ ಪಾಲು ಚಿಕ್ಕದು. ಒಳಗೋಡೆಗೆ ಇದು ಬೇಕಿಲ್ಲ. ನಿರೋಧಕ ತುಂಬಿದ ಗೋಡೆಗೆ ಲಾಭ ಅತ್ಯಲ್ಪ. ಹಾಕುವುದಾದರೆ ರೇಡಿಯೇಟರ್ ಪೂರ್ತಿ ತಣಿದ ಮೇಲೆ, ಹೊಳೆಯುವ ಮೈ ಅದರತ್ತ ಇರುವಂತೆ, ನಡುವೆ ಗಾಳಿ ಸಲೀಸಾಗಿ ಆಡುವಷ್ಟು ಜಾಗ ಬಿಟ್ಟು ಗೋಡೆಗೆ ಅಂಟಿಸಿ. ಧೂಳು ಕೂತರೆ ಹೊಳಪು ಮಂಕಾಗಿ ಪ್ರತಿಫಲನ ಕುಗ್ಗುವುದರಿಂದ ಆಗಾಗ ಒರೆಸುತ್ತಿರಿ.